ಮಂದೆಯವರ ಮುದ್ದೆ

ಕಳೆದ ಶನಿವಾರ ಸಾಯಂಕಾಲ ನಾನೂ ನಮ್ಮ ಯಜಮಾನರೂ ಬೇರೆಯವರ ಊಟ ತಿಂದುಬಿಟ್ಟೆವು. ತಿಂದು ಸುಮ್ಮನಾಗಲಿಲ್ಲ, ಸಾರು ಎಷ್ಟು ಚೆನ್ನಾಗಿದೆ ಎಂದು ಬೆರಳು ಚೀಪಿದೆವು. ಪಾತ್ರೆ ತೊಳೆದು ಬೋರಲು ಹಾಕಿದೆವು. ಆಮೇಲೆ ಆ ಊಟ ಯಾರದೋ ಅವರು ಬಂದರು.

ಇಂಥದ್ದನ್ನೆಲ್ಲ ಪೇಪರಿನಲ್ಲಿ ಯಾಕೆ ಬರೀತೀಯ ಎಂದು ಯಜಮಾನರು ಕೇಳಿದರು. ಈ ಅಂಕಣಕ್ಕೆ ಮಾನ ಮರ್ಯಾದೆ ಇದ್ದಿದ್ದರೆ ಇಷ್ಟು ವರ್ಷ ನಡೆಯುತ್ತಿತ್ತೇ? (ಯಾರದೋ ಮದುವೆ ಮನೆಗೆ ನುಗ್ಗಿ, ಉಂಡು, ಮುಯ್ಯಿ ಬೇರೆ ಕೊಟ್ಟು ಬಂದ ಕತೆಯನ್ನು ನೀವು ಓದಿದ್ದೀರಿ.) ಇರಲಿ, ಮೊದಲಿನಿಂದ ಹೇಳುತ್ತೇನೆ.

ಯಜಮಾನರು ಚಾಮರಾಜನಗರದ ಒಂದು ಕರಿಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಡಬ್ಬಿ ಹಿಡಿದುಕೊಂಡು ಹೋದವರು ಹತ್ತು ನಿಮಿಷಕ್ಕೆ ವಾಪಸ್ ಬಂದರು. ಗೇಟಿಗೆ ಬೀಗ ಬಿದ್ದಿತ್ತು. ಅದೇ ವರ್ಷ ಜೂನ್‌ನಲ್ಲಿ ನಾನು ಪಾಠ ಹೇಳುತ್ತಿದ್ದ ಖಾಸಗಿ ಸ್ಕೂಲಿನವರು ಕನ್ನಡ ಮೀಡಿಯಂ ನಿಲ್ಲಿಸಿದರು. ಮೀಡಿಯಂ ಜೊತೆ ನಾನೂ ನಿಂತೆ. ಮಗಳು ಮೈಸೂರಿನ ಒಂದು ನರ್ಸಿಂಗ್ ಹೋಂನಲ್ಲಿ ನರ್ಸು, ಅವಳ ಬದುಕು ಅವಳು ನೋಡಿಕೊಳ್ಳುತ್ತಾಳೆ. ಉಳಿದವರು ನಾವಿಬ್ಬರು, ಒಂದು ಮನೆ, ಮತ್ತು ಎರಡು ಫೋನು.

ಫೋನಿನಲ್ಲಿ ಏನಿದೆ? ಒಂದು ಕಡೆ ಯುದ್ಧ. ಇನ್ನೊಂದು ಕಡೆ ಯಾವುದೋ ಹೊಸ ಜ್ವರ. ಮೂರನೆಯ ಕಡೆ, ಇನ್ನು ಮುಂದೆ ಮನುಷ್ಯರ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ ಎಂದು ನಗುನಗುತ್ತಾ ಹೇಳುವ ಹುಡುಗ. ನನಗೆ ಸುಸ್ತು ಕಣ್ರೀ. ದುಡಿದು ಬರುವ ಸುಸ್ತಿಗೆ ನಿದ್ದೆ ಔಷಧಿ. ನಾಳೆ ಏನು ಕಾದಿದೆಯೋ ಎಂದು ನೆನೆದು ನೆನೆದು ಬರುವ ಸುಸ್ತಿಗೆ ಏನು ಔಷಧಿ?

ಯಜಮಾನರು ಒಂದು ಔಷಧಿ ಕಂಡುಹಿಡಿದರು. ಯೂಟ್ಯೂಬಿನಲ್ಲಿ.

ಅಲ್ಲಿ ಒಂದು ಜೋಡಿ ವ್ಯಾನಿನಲ್ಲೇ ಸಂಸಾರ ಮಾಡುತ್ತದೆ. ಮೇಲೆ ಸೋಲಾರ್, ಕೆಳಗೆ ನೀರಿನ ಟ್ಯಾಂಕು, ಮಧ್ಯೆ ಮಂಚ. ಬೆಳಗಾದರೆ ಒಂದು ಬೆಟ್ಟ, ಸಂಜೆಯಾದರೆ ಇನ್ನೊಂದು ಕೆರೆ. ಆ ಹೆಂಗಸಿನ ಕೂದಲು ಯಾವಾಗಲೂ ತೊಳೆದಂತೆಯೇ ಇರುತ್ತದೆ. (ಎಲ್ಲಿ ತೊಳೆಯುತ್ತಾಳೆ ಎಂದು ನಾನು ಅವತ್ತೇ ಕೇಳಬೇಕಿತ್ತು.) ಒಂದು ತಿಂಗಳಲ್ಲಿ ನಮ್ಮ ಮನೆ ಮುಂದೆ ಹಳದಿ ಬಣ್ಣದ ಹಳೆ ಸ್ಕೂಲ್ ವ್ಯಾನು ಬಂದು ನಿಂತಿತು. ಸೀಟುಗಳನ್ನು ಕಿತ್ತು, ಗುಂಡ್ಲುಪೇಟೆಯಲ್ಲಿ ಸೀಟ್ ಕವರ್ ಹೊಲಿಯುವ ನಜೀರಣ್ಣನ ಹತ್ತಿರ ಮಂಚ, ಹಾಸಿಗೆ, ಪರದೆ ಎಲ್ಲ ಮಾಡಿಸಿದರು. ಯಜಮಾನರು ತಾವೇ ಸೋಲಾರ್ ಕೂರಿಸಿದರು. ಕೈ ಚುರುಕಿನ ಮನುಷ್ಯ. ಎರಡು ವರ್ಷ ಮಂಕಾಗಿದ್ದವರ ಮುಖದಲ್ಲಿ ಕಳೆ ಬಂದಿತು. ಅದನ್ನು ನೋಡಿ ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಅವರ ಸಿದ್ಧಾಂತ ಸರಳ. ನೀರಿದ್ದ ಕಡೆ ಹೋಗುವುದು, ಗಲಾಟೆಯಾದ ಕಡೆಯಿಂದ ಹೊರಡುವುದು. ಮನೆ ಮಾರುವುದು. ಯಾರ ಹಂಗೂ ಇಲ್ಲದೆ ಬದುಕುವುದು.

ಹೌದು, ಮನೆ ಮಾರುವುದು. ಹರದನಹಳ್ಳಿಯ ಒಂದು ಕುಟುಂಬ ಮಗಳ ಕಾಲೇಜಿಗಾಗಿ ಟೌನಿನಲ್ಲಿ ಮನೆ ಹುಡುಕುತ್ತಿತ್ತು. ಎರಡು ಸಲ ಬಂದು ನೋಡಿದ್ದರು. ಸೋಮವಾರ ಬಂದು ಮಾತು ಮುಗಿಸುತ್ತೇವೆ ಎಂದಿದ್ದರು. ನಾನು ಅತ್ತು ಕರೆದು ತಡೆದೆ ಎಂದುಕೊಂಡಿರಾ? ಇಲ್ಲ, ಒಪ್ಪಿಕೊಂಡೆ. ಹದಿನೆಂಟು ವರ್ಷ ಗುಡಿಸಿ ಒರೆಸಿದ ಮನೆ, ಬಿಟ್ಟರೆ ಸಾಕು ಅನ್ನಿಸಿತ್ತು. ಒಂದೇ ಒಂದು ಷರತ್ತು ಹಾಕಿದೆ. ಸೋಮವಾರಕ್ಕೆ ಮುಂಚೆ ಮೂರು ದಿನ ವ್ಯಾನಿನಲ್ಲಿ ಇದ್ದು ನೋಡೋಣ, ಆಮೇಲೆ ಸಹಿ.

ಯಜಮಾನರು ತಮ್ಮದೂ ಒಂದು ಷರತ್ತು ಸೇರಿಸಿದರು. ಮೂರು ದಿನ ಯಾರನ್ನೂ ಏನೂ ಕೇಳಬಾರದು.

ಏನೂ ಕೇಳಬಾರದು ಎಂದು ಶಪಥ ಮಾಡಿ ನೋಡಿ, ಆಗ ಗೊತ್ತಾಗುತ್ತದೆ ನಾವು ದಿನಕ್ಕೆ ಎಷ್ಟು ಸಲ ಕೇಳುತ್ತೇವೆ ಎಂದು. ಶುಕ್ರವಾರ ಬೆಳಗ್ಗೆ ಹೊರಟೆವು. ಹನ್ನೊಂದು ಗಂಟೆಗೆ ಟ್ಯಾಂಕಿನ ನಲ್ಲಿ ಸೋರಿ ನೀರು ಖಾಲಿ. ಒಂದು ತೋಟದ ಪಂಪ್‌ಸೆಟ್ ಹತ್ತಿರ ನಿಲ್ಲಿಸಿ, ಅಣ್ಣ ಎರಡು ಕ್ಯಾನ್ ನೀರು ಹಿಡ್ಕೊಳ್ಳಲಾ ಎಂದು ಕೇಳಿದೆ. ಯಜಮಾನರು ನೀರು ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಟ್ಟರು. ಮಧ್ಯಾಹ್ನ ದಾರಿ ಕೇಳಿದ್ದೂ ಲೆಕ್ಕಕ್ಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ಟಾಯ್ಲೆಟ್ ಕೀ ಕೇಳಿದ್ದು ಮೊದಲೇ ಇಲ್ಲ. ಊಟಿ ರಸ್ತೆಯಲ್ಲಿ ಮರದ ನೆರಳು ನೋಡಿ ನಿಲ್ಲಿಸಿದರೆ, ಕಾಡು ಹತ್ತಿರ, ಇಲ್ಲಿ ನಿಲ್ಲಿಸಂಗಿಲ್ಲ ಎಂದು ಗಾರ್ಡು ಎಬ್ಬಿಸಿದರು. ಕಡೆಗೆ ಮಲಗಿದ್ದು ಗುಂಡ್ಲುಪೇಟೆ ಹೊರಗೆ, ಕೇರಳಕ್ಕೆ ತರಕಾರಿ ಒಯ್ಯುವ ಲಾರಿಗಳ ಸಾಲಿನಲ್ಲಿ. ಬೆಟ್ಟ, ಕೆರೆ ಎರಡೂ ಇರಲಿಲ್ಲ. ಸೊಳ್ಳೆ ಇತ್ತು.

ಶನಿವಾರ ಬೇಗೂರಿನ ಕಡೆ ತಿರುಗಿದೆವು. ಹೆದ್ದಾರಿ ಬಿಟ್ಟು ಒಂದು ಮಣ್ಣಿನ ರಸ್ತೆ ಹಿಡಿದು ಹೋದರೆ ಜೋಳ ಕೊಯ್ದು ಖಾಲಿ ಬಿಟ್ಟ ಹೊಲ. ಬದುವಿನ ಮೇಲೆ ಒಂದು ಹೊಂಗೆ ಮರ. ಮರದ ಕೆಳಗೆ ಯಾರದೋ ಒಂದಿಷ್ಟು ಗಂಟು ಮೂಟೆ, ಸುತ್ತಿಟ್ಟ ಬಲೆ, ಮೂರು ಕಲ್ಲಿನ ಒಲೆ. ಮನುಷ್ಯರು ಯಾರೂ ಇಲ್ಲ. ಯಜಮಾನರಿಗೆ ಜಾಗ ಬಹಳ ಹಿಡಿಸಿತು. ಸಮತಟ್ಟಾದ ಒಂದು ಮೂಲೆ ನೋಡಿ ವ್ಯಾನು ನಿಲ್ಲಿಸಿದರು. ಹಿಂದಿನ ದಿನ ಮೋಡ ಮುಸುಕಿದ್ದರಿಂದ ಬ್ಯಾಟರಿ ಸತ್ತಿತ್ತು, ಕರೆಂಟ್ ಒಲೆ ಹೊತ್ತಲಿಲ್ಲ. ಮಧ್ಯಾಹ್ನ ಬ್ರೆಡ್ಡು ತಿಂದೆವು. ಸಾಯಂಕಾಲ ಐದು ಗಂಟೆಗೆ ಮತ್ತೆ ಬ್ರೆಡ್ಡು ತೆಗೆದಾಗ ನನಗೂ ಅವರಿಗೂ ಸಣ್ಣ ಜಗಳ ಶುರುವಾಯಿತು.

ಜಗಳ ರಂಗೇರುವ ಹೊತ್ತಿಗೆ ಒಬ್ಬರು ಬೈಕಿನಲ್ಲಿ ಬಂದರು. ಫೋನು ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಕೊಂಡಿತ್ತು. ಯಾರ ಜೊತೆಯೋ ಅರಿಸಿನದ ರೇಟು ಮಾತಾಡುತ್ತಲೇ, ಒಂದು ದೊಡ್ಡ ಸ್ಟೀಲ್ ಕ್ಯಾರಿಯರನ್ನು ಬದುವಿನ ಮೇಲಿಟ್ಟು, ಅವ್ವ ಕೊಟ್ಟವ್ಳೆ ಎಂದು ನಮ್ಮ ಕಡೆ ಕೈ ಮಾಡಿ, ಹಾಗೇ ಹೊರಟುಹೋದರು.

ಯಜಮಾನರು ಕ್ಯಾರಿಯರ್ ಬಿಚ್ಚಿದರು. ನಾಲ್ಕು ದಪ್ಪ ರಾಗಿ ಮುದ್ದೆ. ಉಪ್ಪುಸಾರು, ಖಾರ. ಮೇಲಿನ ಡಬ್ಬಿಯಲ್ಲಿ ಮಜ್ಜಿಗೆ.

"ನೋಡ್ದೇನೇ," ಎಂದರು. "ಕೇಳ್ದೇನೇ ಬಂತು."

ಇಬ್ಬರಿಗೆ ನಾಲ್ಕು ಮುದ್ದೆ ಯಾಕೆ ಕಳಿಸಿದರು ಎಂದು ಒಬ್ಬರಾದರೂ ಯೋಚಿಸಬೇಕಿತ್ತು. ಹಸಿದವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ದಾರಿಹೋಕರಿಗೆ ಅನ್ನ ಹಾಕುವ ಹಳ್ಳಿಯ ದೊಡ್ಡ ಗುಣ ಎಂದುಕೊಂಡೆವು. ಯಜಮಾನರು ಎರಡು ಮುದ್ದೆ ಇಳಿಸಿದರು, ನಾನು ಒಂದೂವರೆ. ಉಳಿದ ಅರ್ಧವನ್ನು ಅಲ್ಲೇ ಸುಳಿದಾಡುತ್ತಿದ್ದ ನಾಯಿಗೆ ಹಾಕಿದೆ. ಈ ಅಂಕಣಕ್ಕೆ ಒಳ್ಳೆ ಸರಕು ಸಿಕ್ಕಿತು ಎಂದು ಮನಸ್ಸಿನಲ್ಲೇ ಬರೆಯುವುದಕ್ಕೂ ಶುರು ಮಾಡಿದ್ದೆ. ಮನುಷ್ಯರ ಒಳ್ಳೆಯತನ, ಮಣ್ಣಿನ ವಾಸನೆ ಇತ್ಯಾದಿ. ನೀವು ಬಚಾವಾದಿರಿ.

ಹೊತ್ತು ಮುಳುಗುವಾಗ ಕುರಿಗಳು ಬಂದವು. ಇನ್ನೂರೋ ಮುನ್ನೂರೋ, ಎಣಿಸಲು ಬರುವಂತಿರಲಿಲ್ಲ. ಹಿಂದೆ ಗಂಡ ಹೆಂಡತಿ. ಗಂಡನ ಹೆಸರು ಈರಣ್ಣ, ಹೆಂಡತಿ ಮಾಳಮ್ಮ ಎಂದು ಆಮೇಲೆ ಗೊತ್ತಾಯಿತು. ಸಿರಾ ಕಡೆಯವರು. ಬೇಸಿಗೆ ಬರುವ ಮುಂಚೆ ಕುರಿ ಹೊಡೆದುಕೊಂಡು ನಡೆದೇ ಇಲ್ಲಿಗೆ ಬರುತ್ತಾರಂತೆ. ಹೊಂಗೆ ಮರದ ಕೆಳಗಿನ ಗಂಟು ಮೂಟೆ ಅವರದ್ದು.

ಮಾಳಮ್ಮ ನೇರವಾಗಿ ಬದುವಿನ ಹತ್ತಿರ ಹೋಗಿ ನೋಡಿದಳು. ಆಮೇಲೆ ಏನಾದರೂ ನೇತುಹಾಕಿದೆಯೇ ಎಂಬಂತೆ ಮರದ ಕೊಂಬೆ ನೋಡಿದಳು. ಆಮೇಲೆ ನಮ್ಮ ವ್ಯಾನಿನ ಪಕ್ಕ ತೊಳೆದು ಬೋರಲು ಹಾಕಿದ್ದ ಕ್ಯಾರಿಯರ್ ನೋಡಿದಳು.

"ಬುತ್ತಿ ಬಂದಿತ್ತೇನಮ್ಮ?"

ಬಂದಿತ್ತು ಎಂದೆ. ಅಷ್ಟು ಹೇಳುವಾಗಲೇ ನನಗೆ ಅರ್ಥವಾಗಿತ್ತು. ಯಜಮಾನರಿಗೆ ಇನ್ನೂ ಆಗಿರಲಿಲ್ಲ. ತುಂಬಾ ರುಚಿಯಾಗಿತ್ತು ಎಂದು ಅವರು ಈರಣ್ಣನಿಗೆ ಹೇಳುತ್ತಿದ್ದರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ (ನನಗೇ ಗೊತ್ತಿರಲಿಲ್ಲ). ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿ ಮಂದೆ ಕೂಡಿಸುತ್ತಾರೆ. ಕುರಿಯ ಹಿಕ್ಕೆ, ಗಂಜಲ ನೆಲಕ್ಕೆ ಇಳಿಯುತ್ತದೆ. ಅದಕ್ಕಿಂತ ಒಳ್ಳೆ ಗೊಬ್ಬರ ಅಂಗಡಿಯಲ್ಲಿ ಸಿಗುವುದಿಲ್ಲ. ಮಂದೆ ಇದ್ದಷ್ಟು ದಿನ ಹೊಲದವರು ಕುರಿಯವರಿಗೆ ಊಟ ಕೊಡಬೇಕು. ಅದು ದಾನ ಅಲ್ಲ, ಧರ್ಮ ಅಲ್ಲ, ಕೂಲಿ. ನಾವು ತಿಂದದ್ದು ಹಗಲೆಲ್ಲ ಕುರಿ ಹಿಂದೆ ನಡೆದು ಬಂದವರ ಕೂಲಿ. ಯಾರ ಹಂಗೂ ಬೇಡ ಎಂದು ಹೊರಟ ಎರಡನೆಯ ದಿನಕ್ಕೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಂದೆಯನ್ನು ದಿನಾ ಒಂದೇ ಕಡೆ ಕೂಡಿಸುವುದಿಲ್ಲ. ಹೊಲದ ಪ್ರತಿ ಮೂಲೆಗೂ ಗೊಬ್ಬರ ಸಿಗಲಿ ಎಂದು ಬಲೆ ಕಿತ್ತು ಬೇರೆ ಕಡೆ ಹಾಕುತ್ತಾರೆ. ಅವತ್ತಿನ ಪಾಳಿ ಯಾವ ಮೂಲೆ? ಯಜಮಾನರು ಸಮತಟ್ಟಾಗಿದೆ ಎಂದು ವ್ಯಾನು ನಿಲ್ಲಿಸಿದ್ದರಲ್ಲ, ಆ ಮೂಲೆ.

ಯಜಮಾನರು ಗಾಡಿ ತೆಗೆದು ರಸ್ತೆಗೆ ನಿಲ್ಲಿಸಿದರು. ನಾನು ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು, ವ್ಯಾನಿನಲ್ಲಿ ಏನೇನಿತ್ತೋ ಎಲ್ಲ ಸೆರಗಿನಲ್ಲಿ ತುಂಬಿಕೊಂಡು ಹೋದೆ. ಮಾಳಮ್ಮ ಅಷ್ಟು ಹೊತ್ತಿಗೆ ಒಲೆ ಹಚ್ಚಿ ಎಸರಿಟ್ಟಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಸ್ದಿದ್ರಿ, ಉಂಡ್ರಿ. ಅದ್ಕೇನಾತು," ಎಂದಳು. ಬಾಳೆಹಣ್ಣು ಮಾತ್ರ ತಗೊಂಡಳು, ಗಂಡನಿಗೆ ಬ್ರೆಡ್ಡು ಸೇರಲ್ಲವಂತೆ.

ಒಲೆ ಮುಂದೆ ಕೂತೆ. ಯಾರ ಹೊಲಕ್ಕೆ ಬಂದಿದ್ದೀರಿ ಎಂದು ಕೇಳಿದಳು. ಯಾರ ಹೊಲಕ್ಕೂ ಅಲ್ಲ, ಹೀಗೇ ಗಾಡಿಯಲ್ಲಿ ಊರೂರು ಸುತ್ತೋದು ಅಂತ, ಇನ್ನು ಮೇಲೆ ಹೀಗೇ ಇರೋದು ಅಂತ, ಎಂದೆ. ಅವಳು ಒಲೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಅವಳಿಗೆ ಅದು ತಮಾಷೆಯಾಗಿ ಕಾಣಲಿಲ್ಲ, ನಿಜವಾಗಿ ಅರ್ಥವಾಗಲಿಲ್ಲ.

"ಯಾರೂ ಕರೀದಂಗೆ ಬರಾದು ಹೆಂಗಮ್ಮ?"

ನೀವೂ ಹೀಗೇ ಅಲ್ಲವೇ ಎಂದು ಕೇಳಿದೆ. ಅಲ್ಲ ಎಂದಳು. ತಾವು ಕರೆದ ಕಡೆಗೆ ಹೋಗುವವರಂತೆ. ಈರಣ್ಣನ ಫೋನಿನಲ್ಲಿ ದಾರಿಯುದ್ದಕ್ಕೂ ಇರುವ ಹೊಲದವರ ನಂಬರುಗಳಿವೆ. ಜೋಳ ಕೊಯ್ಯುವ ಮುಂಚೆಯೇ ಫೋನು ಬರುತ್ತದೆ, ಈ ಸಲ ಯಾವಾಗ ಬತ್ತೀರಿ, ಮೊದಲು ನಮ್ಮ ಹೊಲಕ್ಕೆ ಬನ್ನಿ ಎಂದು. ಯಾವ ಮನೆಯಲ್ಲಿ ಸೊಸೆ ಬಸುರಿ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು, ಎಲ್ಲ ಅವಳಿಗೆ ಗೊತ್ತು. ಈ ಹೊಲದವರ ಮನೆಯ ಹಟ್ಟಿಯಲ್ಲೇ ಹೋದ ವರ್ಷ ಒಂದು ಕುಂಟು ಕುರಿ ಬಿಟ್ಟುಹೋಗಿದ್ದಳಂತೆ. ಈ ವರ್ಷ ಬಂದಾಗ ಕುರಿಯ ಜೊತೆ ಎರಡು ಮರಿಯನ್ನೂ ಕೊಟ್ಟರಂತೆ.

ಯೂಟ್ಯೂಬಿನ ಹೆಂಗಸಿನ ಬಗ್ಗೆ ಹೇಳೋಣವೆಂದುಕೊಂಡವಳು ಒಲೆಗೆ ಸೌದೆ ಒಡ್ಡಿದೆ.

ಭಾನುವಾರ ಬೆಳಗ್ಗೆ ಹೊಲದ ಯಜಮಾನಿ ಪುಟ್ಟಮ್ಮಣ್ಣಿ ತಾವೇ ಬಂದರು. ಎಪ್ಪತ್ತರ ಮೇಲೆ ವಯಸ್ಸು, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಇನ್ನೊಂದು ಕ್ಯಾರಿಯರ್. ನಡೆದದ್ದನ್ನು ನಾನೇ ಹೇಳಿದೆ, ಬೇರೆಯವರಿಂದ ಗೊತ್ತಾಗುವುದು ಬೇಡವೆಂದು. ಅವರು ಸೊಂಟ ಹಿಡಿದುಕೊಂಡು ನಕ್ಕರು. ಮಗ ಫೋನಲ್ಲಿ ಮುಳುಗಿದ್ದರೆ ಹಳದಿ ಗಾಡಿಗೂ ಕುರಿಗೂ ವ್ಯತ್ಯಾಸ ಕಾಣುವುದಿಲ್ಲ ಎಂದರು. ಮಾಳಮ್ಮನಿಗೆ ನಿನ್ನೆಯದ್ದೂ ಸೇರಿಸಿ ತಂದಿದ್ದೀನಿ ಅಂದುಕೊ, ಸಂಜೆ ಪಾಯಸ ಕಳಿಸುತ್ತೀನಿ ಎಂದರು. ನಮಗೂ ಮಜ್ಜಿಗೆ ಕೊಟ್ಟರು.

ಮನೆ ಮಾರಿ ಗಾಡಿಯಲ್ಲೇ ಇರುವ ವಿಚಾರ ಯಜಮಾನರು ಹೇಳಿದರು. ಕಾಲ ಕೆಟ್ಟಿದೆ, ಒಂದು ಕಡೆ ಬೇರು ಬಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತೇವೆ, ಹೀಗಾದರೆ ಯಾರ ಮೇಲೂ ಭಾರ ಇಲ್ಲ ಎಂದು ವಿವರಿಸಿದರು. ಪುಟ್ಟಮ್ಮಣ್ಣಿ ಎಲ್ಲ ಕೇಳಿಸಿಕೊಂಡರು. ರಾತ್ರಿ ಮಂದೆ ಮಲಗಿದ್ದ ಜಾಗಕ್ಕೆ ಹೋಗಿ, ಕಾಲಿನಲ್ಲಿ ಒಂದಿಷ್ಟು ಹಿಕ್ಕೆ ಸರಿಸಿ ನೋಡಿದರು.

"ಕುರಿ ಮನಗುದ್ರೆ ನೆಲಕ್ಕೆ ಗೊಬ್ಬರ ಆಯ್ತದ," ಎಂದರು. "ನೀವು ಮನಗುದ್ರೆ ನೆಲಕ್ಕೆ ಏನಾಯ್ತದಪ್ಪ?"

ಚುಚ್ಚಿ ಹೇಳಿದ ಮಾತಲ್ಲ. ಬಿತ್ತನೆ ಬೀಜದ ಬಗ್ಗೆ ಕೇಳುವ ಹಾಗೆ ಕೇಳಿದರು. ಆಮೇಲೆ ಕೊರೋನಾ ಕಾಲದ ಕತೆ ಹೇಳಿದರು. ಲಾಕ್‌ಡೌನಿನಲ್ಲಿ ಮಾಳಮ್ಮನವರ ಮಂದೆ ಇದೇ ಹೊಲದಲ್ಲಿ ಸಿಕ್ಕಿಬಿದ್ದಿತ್ತು. ಒಂದೂವರೆ ತಿಂಗಳು ಎಲ್ಲಿಗೂ ಹೋಗುವ ಹಾಗಿಲ್ಲ. ಊರಿನಲ್ಲಿ ಕೆಲವರು ಹೊರಗಿನವರನ್ನು ಕಳಿಸಿ ಎಂದರಂತೆ. ಅವರೇನು ಹೊರಗಿನವರೇ ಎಂದು ಪುಟ್ಟಮ್ಮಣ್ಣಿ ಕೇಳಿದರಂತೆ. ಅಷ್ಟೂ ದಿನ ಇವರು ಬುತ್ತಿ ಕಳಿಸಿದರು, ಅವರು ಅಕ್ಕಪಕ್ಕದ ಐದಾರು ಹೊಲಗಳಿಗೆ ಪಾಳಿಯ ಮೇಲೆ ಮಂದೆ ಕೂಡಿಸಿದರು. ಆ ವರ್ಷ ರಾಗಿ ಹೇಗೆ ಬಂದಿತ್ತು ಎಂದು ಪುಟ್ಟಮ್ಮಣ್ಣಿ ಕೈಯೆತ್ತಿ ಎದೆಯ ಮಟ್ಟಕ್ಕೆ ತೋರಿಸಿದರು.

ನಾವು ಮಧ್ಯಾಹ್ನಕ್ಕೇ ಹೊರಟೆವು. ದಾರಿಯಲ್ಲಿ ಯಜಮಾನರು ಒಂದೇ ಒಂದು ಮಾತಾಡಿದರು. ಬ್ಯಾಟರಿ ದೊಡ್ಡದು ಹಾಕಿಸಬೇಕಿತ್ತು ಎಂದರು. ನಾನು ಹೂಂ ಎಂದೆ. ಮನೆ ಮಾರುವುದೋ ಬಿಡುವುದೋ, ಇಬ್ಬರೂ ಬಾಯಿ ಬಿಡಲಿಲ್ಲ. ಮುದ್ದೆ ವಿಷಯದಲ್ಲಿ ಆದ ಅವಮಾನಕ್ಕೆ ಹೆದರಿ ಮನೆ ಉಳಿಸಿಕೊಂಡರೆ ಅದೂ ಒಂದು ಹೇಡಿತನವೇ. ಅಲ್ಲದೆ ನನ್ನ ಸುಸ್ತು ಹಾಗೇ ಇತ್ತು. ಬೀಗ ತೆಗೆದು ಒಳಗೆ ಬಂದಾಗ ಅಬ್ಬಾ ಅನ್ನಿಸಲಿಲ್ಲ, ಮತ್ತೆ ಗುಡಿಸಬೇಕಲ್ಲ ಅನ್ನಿಸಿತು.

ಸೋಮವಾರ ಹರದನಹಳ್ಳಿಯವರು ಬಂದರು, ಗಂಡ, ಹೆಂಡತಿ. ಆಯಪ್ಪ ಗೋಡೆ ತಟ್ಟಿ ನೋಡಿದರು, ಟೆರೇಸ್ ಹತ್ತಿ ಇಳಿದರು, ದಾಖಲೆ ಪತ್ರಗಳನ್ನು ಓದಿದರು. ಎಲ್ಲ ಸರಿಯಿತ್ತು. ಯಜಮಾನರು ಪೆನ್ನು ತರಲು ಎದ್ದರು. ಆಯಮ್ಮ ಕಾಫಿ ಲೋಟ ಕೆಳಗಿಟ್ಟು, ಮನೆ ಕೊಳ್ಳುವ ಯಾವ ಹೆಂಗಸಾದರೂ ಕೇಳುವ ಮಾತನ್ನೇ ಕೇಳಿದರು.

"ಅಕ್ಕಪಕ್ಕದೋರು ಹೆಂಗಕ್ಕ? ಕಷ್ಟಸುಖಕ್ಕೆ ಆಯ್ತಾರ?"

ನಾನು ಬಾಯಿ ತೆರೆದೆ. ಏನು ಹೇಳಲಿ? ಬಲಗಡೆ ಮನೆಯಲ್ಲಿ ಬೂದು ಬಣ್ಣದ ಕಾರಿದೆ. ಎಡಗಡೆಯ ಮನೆಯ ಹೆಂಗಸು ಬೆಳಗ್ಗೆ ಏಳಕ್ಕೆ ಬಟ್ಟೆ ಒಣಗಿಸುತ್ತಾರೆ. ಎದುರು ಮನೆಗೆ ಕೊರೋನಾ ಟೈಮಿನಲ್ಲಿ ಟೇಪು ಕಟ್ಟಿದ್ದರು. ನಾವು ಕಿಟಕಿ ಹಾಕಿಕೊಂಡಿದ್ದೆವು. ಅಲ್ಲಿ ತೀರಿಕೊಂಡದ್ದು ಆಕೆಯ ಗಂಡನೋ ಮಾವನೋ, ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ನಲ್ಲಿ ನೀರು ಬರುವುದಿಲ್ಲವೆಂದು ಬೋರ್ ಹಾಕಿಸಿದೆವು, ನೀರು ಕೇಳುವುದು ತಪ್ಪಿತು. ಕರೆಂಟು ಹೋಗುತ್ತದೆಂದು ಯುಪಿಎಸ್ ಹಾಕಿಸಿದೆವು, ನಿಮ್ಮನೇಲೂ ಹೋಯ್ತಾ ಎಂದು ಕೂಗಿ ಕೇಳುವುದು ತಪ್ಪಿತು. ಗೇಟಿಗೆ ಕ್ಯಾಮೆರಾ ಹಾಕಿಸಿದ ಮೇಲೆ, ಊರಿಗೆ ಹೋಗಿ ಬರ್ತೀವಿ, ಮನೆ ಕಡೆ ಸ್ವಲ್ಪ ಕಣ್ಣಿಡಿ ಎಂದು ಯಾರಿಗೂ ಹೇಳಿಲ್ಲ. ಸ್ವಾವಲಂಬಿಗಳಾಗುವುದಕ್ಕೆ ನಮಗೆ ವ್ಯಾನೇ ಬೇಕಿರಲಿಲ್ಲ. ನಿಂತ ಕಡೆಯೇ ಪರದೇಶಿಗಳಾಗಿದ್ದೆವು.

ಯಜಮಾನರ ಮುಖ ನೋಡಿದೆ. ಅವರು ಪೆನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಮುದ್ದೆಯ ಕ್ಯಾರಿಯರ್ ಯಾರದ್ದೆಂದು ತಿಳಿದಾಗಲೂ ಅವರ ಮುಖ ಇಷ್ಟು ಸಣ್ಣದಾಗಿರಲಿಲ್ಲ.

"ನಮಗೆ ಗೊತ್ತಿಲ್ಲ ತಾಯಿ," ಎಂದರು. "ಒಂದು ವರ್ಷ ಬಿಟ್ಟು ಬನ್ನಿ. ತಿಳ್ಕೊಂಡು ಹೇಳ್ತೀವಿ."

ಹರದನಹಳ್ಳಿಯವರು ಇದು ರೇಟು ಏರಿಸುವ ನಾಟಕ ಎಂದುಕೊಂಡು ಸಿಟ್ಟಿನಿಂದ ಎದ್ದು ಹೋದರು. ಅವರ ತಪ್ಪೇನಿಲ್ಲ.

ಇವತ್ತಿಗೆ ನಾಲ್ಕು ದಿನವಾಯಿತು. ದಿನಾ ಬೆಳಗ್ಗೆ ಏಳಕ್ಕೆ ಕಾಂಪೌಂಡಿನ ಹತ್ತಿರ ಹೋಗುತ್ತೇನೆ, ನಿಲ್ಲುತ್ತೇನೆ, ಒಳಗೆ ಬರುತ್ತೇನೆ. ಹದಿನೆಂಟು ವರ್ಷ ಆದ ಮೇಲೆ ಪಕ್ಕದ ಮನೆಯವರ ಮುಂದೆ ನಿಂತು, ನಾವು ನಿಮ್ಮ ಪಕ್ಕದ ಮನೆಯವರು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?